ವ್ಯಾಪಾರ ಪತ್ರಗಳ ಇಂಗ್ಲಿಷ್: ಗುಣವಾಚಕಗಳೊಡನೆ ‘ಎ’, ‘ಆ್ಯನ್’ ಮತ್ತು ‘ದಿ’

ಕಲಬುರಗಿಯ ಸರ್ಕಾರಿ ಅತಿಥಿಗೃಹಕ್ಕೆ ‘ಐವಾನ್-ಎ-ಶಾಹಿ’ ಎಂಬ ಹೆಸರಿದೆ. ಐವಾನ್ ಎಂದರೆ ಅರಮನೆ ಅಥವಾ ಸಭಾಭವನ. ಶಾಹಿ ಎಂದರೆ ಅರಸರಿಗೆ ಸಂಬಂಧಿಸಿದ್ದು. ಫಾರಸಿಯಲ್ಲಿ ನಾಮಪದ ಮೊದಲು, ಗುಣವಾಚಕ ಅನಂತರ. ಎರಡನ್ನೂ ನಡುವಿನ ‘ಎ’ ಎಂಬ ಸ್ವರವು ಬೆಸೆಯುತ್ತದೆ. ಇಂಗ್ಲಿಷಿನ ‘ಎ’ಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಕನ್ನಡಕ್ಕೆ ತಂದರೆ ಕ್ರಮ ತಿರುಗಿ ‘ರಾಜಮಂದಿರ’ವಾಗುತ್ತದೆ. ಇಷ್ಟರವರೆಗೆ ತೊಡಕಿಲ್ಲ. ಇಂಗ್ಲಿಷಿಗೆ ತರುವಾಗ ಮಾತ್ರ ‘ಎ ರಾಯಲ್ ಪ್ಯಾಲೇಸ್’ ಎನ್ನಬೇಕೆ, ‘ದಿ ರಾಯಲ್ ಪ್ಯಾಲೇಸ್’ ಎನ್ನಬೇಕೆ ಎಂಬುದನ್ನು ಮೊದಲೇ ತೀರ್ಮಾನಿಸಬೇಕಾಗುತ್ತದೆ. ಯಾವ ಅರಮನೆ ಎಂಬುದು ಕೇಳುವವನಿಗೆ ತಿಳಿದಿದ್ದರೆ ‘ದಿ’, ಇಲ್ಲವಾದರೆ ‘ಎ’. ಗಂಜಿನಲ್ಲಿ ನಿತ್ಯ ಕಿವಿಗೆ ಬೀಳುವ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಇವುಗಳಲ್ಲಿ ಯಾವುದೂ ಈ ತೀರ್ಮಾನವನ್ನು ಪ್ರತಿ ನಾಮಪದಕ್ಕೂ ಕೇಳುವುದಿಲ್ಲ. ಆದ್ದರಿಂದಲೇ ಈ ಭಾಗದ ವ್ಯಾಪಾರ ಪತ್ರಗಳಲ್ಲಿ ಈ ಮೂರು ಚಿಕ್ಕ ಪದಗಳು ಬೇಕಾದಲ್ಲಿ ಬಿಟ್ಟುಹೋಗುತ್ತವೆ, ಬೇಡವಾದಲ್ಲಿ ಬಂದು ಕೂರುತ್ತವೆ.

ಹಾಗೆಂದು ಕನ್ನಡಿಗರಿಗೆ ಈ ಭೇದವೇ ಅಪರಿಚಿತವೆಂದು ಭಾವಿಸಬೇಕಾಗಿಲ್ಲ. ‘ನಾಳೆ ಚೀಲ ಕಳುಹಿಸಿ’ ಎಂಬ ಮಾತಿಗೂ ‘ನಾಳೆ ಚೀಲವನ್ನು ಕಳುಹಿಸಿ’ ಎಂಬ ಮಾತಿಗೂ ಇರುವ ವ್ಯತ್ಯಾಸವನ್ನು ಯಾವ ಅಡತಿ ವ್ಯಾಪಾರಿಯೂ ಬಲ್ಲನು. ಮೊದಲನೆಯದರಲ್ಲಿ ಯಾವುದಾದರೂ ಚೀಲ ಸಾಕು. ಎರಡನೆಯದರಲ್ಲಿ ಹಿಂದೆ ಮಾತಾಗಿದ್ದ ಆ ಚೀಲವೇ ಬೇಕು. ಕನ್ನಡವು ದ್ವಿತೀಯಾ ವಿಭಕ್ತಿಯ ಪ್ರತ್ಯಯದಿಂದ ಮಾಡುವ ಕೆಲಸದ ಒಂದು ಪಾಲನ್ನು ಇಂಗ್ಲಿಷ್ ‘ದಿ’ ಎಂಬ ಪದದಿಂದ ಮಾಡುತ್ತದೆ. ಇಂಗ್ಲಿಷ್ ವಾಕ್ಯ ಬರೆಯುವಾಗ ಸಂದೇಹ ಬಂದರೆ ಅದನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿ, ‘ಅನ್ನು’ ಪ್ರತ್ಯಯವನ್ನೋ ‘ಆ’ ಎಂಬ ಪದವನ್ನೋ ನಾಲಿಗೆ ಬೇಡುತ್ತದೆಯೇ ಎಂದು ನೋಡುವುದು ಶಾಲೆಯಲ್ಲಿ ಉರುಹೊಡೆದ ಹತ್ತು ನಿಯಮಗಳಿಗಿಂತ ಹೆಚ್ಚು ಉಪಯುಕ್ತ.

ಸರಕು ಯಾರದು, ನಷ್ಟ ಯಾರದು?

ಇದು ಕೇವಲ ವ್ಯಾಕರಣದ ಶುದ್ಧಿಯ ಪ್ರಶ್ನೆಯಲ್ಲ. ಒಂದು ದಾಲ್ ಮಿಲ್ಲಿನಿಂದ ಪರಸ್ಥಳದ ಖರೀದಿದಾರನಿಗೆ ಹೋಗುವ ಪತ್ರದಲ್ಲಿ ‘ವಿ ಸೆಲ್ 200 ಬ್ಯಾಗ್ಸ್ ಆಫ್ ಪಾಲಿಶ್ಡ್ ತೂರ್ ದಾಲ್’ ಎಂದಿದ್ದರೆ, ಆ ಗುಣಮಟ್ಟದ ಯಾವುದೇ 200 ಚೀಲಗಳೆಂದು ಅರ್ಥ. ‘ವಿ ಸೆಲ್ ದಿ 200 ಬ್ಯಾಗ್ಸ್ ಆಫ್ ಪಾಲಿಶ್ಡ್ ತೂರ್ ದಾಲ್ ಲೈಯಿಂಗ್ ಇನ್ ಅವರ್ ಗೋಡೌನ್’ ಎಂದಿದ್ದರೆ, ಗೋದಾಮಿನಲ್ಲಿರುವ ಅವೇ 200 ಚೀಲಗಳೆಂದು ಅರ್ಥ. 1930ರ ಸರಕು ಮಾರಾಟ ಕಾಯ್ದೆಯು ಈ ಎರಡು ಬಗೆಯ ಸರಕನ್ನು ಬೇರೆಬೇರೆಯಾಗಿಯೇ ಕಾಣುತ್ತದೆ. ಗುರುತಿಸಲ್ಪಡದ ಸರಕಿನ ಒಡೆತನವು, 18ನೆಯ ಕಲಮಿನ ಪ್ರಕಾರ, ಸರಕನ್ನು ಗುರುತಿಸುವವರೆಗೆ ಖರೀದಿದಾರನಿಗೆ ವರ್ಗವಾಗುವುದೇ ಇಲ್ಲ. ನಿರ್ದಿಷ್ಟ ಸರಕು ಒಪ್ಪಿಸಲು ಸಿದ್ಧವಾಗಿದ್ದು ಕರಾರು ಬೇಷರತ್ತಾಗಿದ್ದರೆ, 20ನೆಯ ಕಲಮಿನ ಪ್ರಕಾರ, ಕರಾರಾದ ಕ್ಷಣದಲ್ಲಿಯೇ ಒಡೆತನ ವರ್ಗವಾಗುತ್ತದೆ. ಹಣ ಮತ್ತು ಸಾಗಣೆ ಮುಂದಕ್ಕೆ ಹೋಗಿದ್ದರೂ ಸರಿಯೇ. ಬೇರೆ ಒಪ್ಪಂದವಿಲ್ಲದಿದ್ದಲ್ಲಿ ನಷ್ಟದ ಹೊಣೆಯೂ ಒಡೆತನದ ಬೆನ್ನಿಗೇ ಹೋಗುತ್ತದೆ ಎಂದು 26ನೆಯ ಕಲಂ ಹೇಳುತ್ತದೆ. ಆ ರಾತ್ರಿಯೇ ಗೋದಾಮಿಗೆ ಬೆಂಕಿ ಬಿದ್ದರೆ ಮೊದಲ ಪತ್ರದಡಿ ನಷ್ಟ ಮಾರಿದವನದು. ಎರಡನೆಯದರಡಿ ಅದು ಕೊಂಡವನದಾಗುವ ಸಂಭವವಿದೆ. ಬೆಲೆ ಕಟ್ಟಲು ತೂಕ ಹಾಕುವುದು ಬಾಕಿಯಿದ್ದರೆ 22ನೆಯ ಕಲಂ ಅಡ್ಡ ಬರುತ್ತದೆ ಎಂಬುದೂ ನೆನಪಿರಲಿ. ನ್ಯಾಯಾಲಯವು ಒಂದೇ ಒಂದು ‘ದಿ’ಯನ್ನು ನೋಡಿ ತೀರ್ಪು ಕೊಡುವುದಿಲ್ಲ, ಉಭಯರ ಉದ್ದೇಶವನ್ನೂ ನಡವಳಿಕೆಯನ್ನೂ ನೋಡುತ್ತದೆ, ಆದರೆ ಆ ಉದ್ದೇಶಕ್ಕೆ ಮೊದಲ ಸಾಕ್ಷಿ ಪತ್ರದ ಮಾತೇ.

ದೇಶಗಳ ನಡುವೆಯೂ ಇಂಥದೇ ವಾದ ನಡೆದಿದೆ. 1967ರ ನವೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂಗೀಕರಿಸಿದ 242ನೆಯ ನಿರ್ಣಯದ ಇಂಗ್ಲಿಷ್ ಪಾಠದಲ್ಲಿ, ಇಸ್ರೇಲ್ ಹಿಂದೆಗೆಯಬೇಕಾದ ‘ಆಕ್ರಮಿತ ಪ್ರದೇಶಗಳು’ ಎಂಬುದರ ಹಿಂದೆ ‘ದಿ’ ಇಲ್ಲ. ಫ್ರೆಂಚ್ ಪಾಠದಲ್ಲಾದರೋ ನಿರ್ದಿಷ್ಟಾರ್ಥಕ್ಕೆ ಎಡೆಯಿದೆ. ಎಲ್ಲ ಪ್ರದೇಶಗಳೋ, ಕೆಲವೋ ಎಂಬ ಚರ್ಚೆ ದಶಕಗಳು ಕಳೆದರೂ ಮುಗಿದಿಲ್ಲ.

ಪದದ ಸ್ಥಾನ ಮತ್ತು ಧ್ವನಿ

‘ಎ’ ಅಥವಾ ‘ದಿ’ ಬೇಕೆ ಎಂಬುದನ್ನು ನಾಮಪದ ನಿರ್ಧರಿಸುತ್ತದೆ. ‘ಎ’ಯೋ ‘ಆ್ಯನ್’ಓ ಎಂಬುದನ್ನು ಮಾತ್ರ ಅದರ ಮರುಕ್ಷಣ ಬರುವ ಪದದ ಧ್ವನಿ ನಿರ್ಧರಿಸುತ್ತದೆ. ಬಹುಪಾಲು ತಪ್ಪುಗಳು ಈ ಎರಡನ್ನು ಬೆರೆಸುವುದರಿಂದ ಆಗುತ್ತವೆ. ‘ಎ ಮಿಲ್’ ಸರಿ. ನಡುವೆ ಗುಣವಾಚಕ ಬಂದಾಗ ‘ಆ್ಯನ್ ಓಲ್ಡ್ ಮಿಲ್’. ‘ಆ್ಯನ್ ಆರ್ಡರ್’ ಸರಿ. ಆದರೆ ‘ಎ ಲಾರ್ಜ್ ಆರ್ಡರ್’.

ಇಲ್ಲಿ ಕನ್ನಡ ಲಿಪಿ ಬಲ್ಲವರಿಗೆ ಒಂದು ಅನುಕೂಲವಿದೆ. ಇಂಗ್ಲಿಷಿನ ಕಾಗುಣಿತ ಕಣ್ಣಿಗೆ ಮೋಸಮಾಡುತ್ತದೆ, ಕನ್ನಡ ಲಿಪಿ ಧ್ವನಿಯನ್ನೇ ಬರೆಯುತ್ತದೆ. ಸಂದೇಹದ ಪದವನ್ನು ಕನ್ನಡದಲ್ಲಿ ಬರೆದು ನೋಡಿದಾಗ ಸ್ವರದಿಂದ ಆರಂಭವಾದರೆ ‘ಆ್ಯನ್’, ವ್ಯಂಜನದಿಂದ ಆರಂಭವಾದರೆ ‘ಎ’. ‘ಯೂಸ್ಡ್ ಮಷೀನ್’ ಎಂಬುದರ ಮೊದಲ ಧ್ವನಿ ‘ಯ’ಕಾರ, ಆದ್ದರಿಂದ ‘ಎ ಯೂಸ್ಡ್ ಮಷೀನ್’. ‘ವನ್-ಇಯರ್ ಕಾಂಟ್ರ್ಯಾಕ್ಟ್’ ‘ವ’ಕಾರದಿಂದ ಆರಂಭವಾಗುತ್ತದೆ, ಆದ್ದರಿಂದ ‘ಎ’. ‘ಆನೆಸ್ಟ್ ಡೀಲರ್’ ಎಂಬಲ್ಲಿ ಕಾಗದದ ಮೇಲಿನ ಹಕಾರ ಉಚ್ಚಾರವಾಗುವುದಿಲ್ಲ, ‘ಆ್ಯನ್’ ಬರುತ್ತದೆ. ಸಂಕ್ಷೇಪಾಕ್ಷರಗಳಿಗೂ ಇದೇ ಅನ್ವಯ: ‘ಎ ಜಿಎಸ್‌ಟಿ ಇನ್‌ವಾಯ್ಸ್’, ‘ಆ್ಯನ್ ಎಪಿಎಂಸಿ ಲೈಸೆನ್ಸ್’, ‘ಆ್ಯನ್ ಎಂಎಸ್‌ಎಂಇ ಯೂನಿಟ್’, ‘ಎ ಯುಪಿಐ ಪೇಮೆಂಟ್’. ಎಚ್‌ಎಸ್‌ಎನ್ ಕೋಡಿನಲ್ಲಿ ಮಾತ್ರ ಎಚ್ಚರ ಬೇಕು. ನಮ್ಮಲ್ಲಿ ಅನೇಕರು ‘ಹೆಚ್’ ಎನ್ನುತ್ತಾರೆ. ಶಿಷ್ಟ ಉಚ್ಚಾರ ‘ಎಚ್’, ಆದ್ದರಿಂದ ‘ಆ್ಯನ್ ಎಚ್‌ಎಸ್‌ಎನ್ ಕೋಡ್’. ಇನ್ನೊಂದು ಅಪವಾದವೂ ಇದೆ. ವರ್ಷವೆಂಬ ಅರ್ಥದ ಪದವನ್ನು ಕನ್ನಡದಲ್ಲಿ ‘ಇಯರ್’ ಎಂದು ಬರೆದರೂ ಇಂಗ್ಲಿಷಿನಲ್ಲಿ ಅದರ ಮೊದಲು ‘ಯ’ಕಾರವಿದೆ, ‘ಎ ಇಯರ್’ ಎಂಬುದೇ ಸರಿ.

ಅಂಕಿಗಳನ್ನೂ ಓದಿಯೇ ಬರೆಯಬೇಕು. 8, 11, 18 ಮತ್ತು 80ರಿಂದ 89ರವರೆಗಿನ ಸಂಖ್ಯೆಗಳ ಹಿಂದೆ ‘ಆ್ಯನ್’: ‘ಆ್ಯನ್ 18 ಪರ್ಸೆಂಟ್ ಟ್ಯಾಕ್ಸ್’. ಉಳಿದವುಗಳಲ್ಲಿ ನಿತ್ಯ ಬಳಕೆಯ ‘ಎ 50-ಕಿಲೋ ಬ್ಯಾಗ್’ ಎಂಬುದನ್ನು ಗಮನಿಸಬೇಕು. ಅಳತೆಯು ಗುಣವಾಚಕವಾಗಿ ನಿಂತಾಗ ಬಹುವಚನ ಪಡೆಯುವುದಿಲ್ಲ; ‘ಎ 50 ಕಿಲೋಸ್ ಬ್ಯಾಗ್’ ಎಂಬುದು ನಮ್ಮ ಪಟ್ಟಿಗಳಲ್ಲಿ ಎಷ್ಟೇ ರೂಢವಾಗಿದ್ದರೂ ತಪ್ಪೇ.

ಬೇಳೆ, ಸಿಮೆಂಟ್, ಉಕ್ಕು ಮುಂತಾದ ಎಣಿಸಲಾಗದ ಸರಕುಗಳ ಹೆಸರಿಗೆ ಗುಣವಾಚಕ ಸೇರಿದ ಮಾತ್ರಕ್ಕೆ ‘ಎ’ ಸೇರುವುದಿಲ್ಲ. ‘ವಿ ಸಪ್ಲೈ ಎ ಗುಡ್ ದಾಲ್’ ಎನ್ನದೆ ‘ವಿ ಸಪ್ಲೈ ಗುಡ್ ದಾಲ್’ ಎನ್ನುವುದೇ ವಾಡಿಕೆ. 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ನಮ್ಮ ‘ಗುಲ್ಬರ್ಗಾ ತೂರ್ ದಾಲ್’ ಕೂಡ ಜಾಹೀರಾತಿನಲ್ಲಿ ಬರಿಯ ಹೆಸರಾಗಿ ನಿಲ್ಲಬೇಕು. ಮಾದರಿಗೆ ಕಳುಹಿಸಿದ ಬೇಳೆಯ ಮಾತು ಬಂದಾಗ ‘ದಿ ಗುಲ್ಬರ್ಗಾ ತೂರ್ ದಾಲ್ ಸೆಂಟ್ ಆ್ಯಸ್ ಸ್ಯಾಂಪಲ್’ ಎನ್ನಬಹುದು. ಮಾದರಿಯೊಡನೆ ‘ಸೇಮ್’ ಎಂಬ ಗುಣವಾಚಕ ಬಂದರೆ ‘ದಿ’ ಕಡ್ಡಾಯ: ‘ದಿ ಸೇಮ್ ಕ್ವಾಲಿಟಿ ಆ್ಯಸ್ ದಿ ಸ್ಯಾಂಪಲ್’. ‘ಎ ಸಿಮಿಲರ್ ಕ್ವಾಲಿಟಿ’ ಎಂದರೆ ಭರವಸೆ ಸಡಿಲವಾಗುತ್ತದೆ. ‘ಅವರ್ ದಿ ಬೆಸ್ಟ್ ಕ್ವಾಲಿಟಿ’ ಎಂಬ ಪ್ರಯೋಗವಂತೂ ಸಲ್ಲದು. ‘ಅವರ್’ ಬಂದಮೇಲೆ ‘ದಿ’ಗೆ ಜಾಗವಿಲ್ಲ. ‘ದಿ ರೇಟ್ ಈಸ್ ಎ ಹೈ’ ಎಂಬುದೂ ಹೀಗೆಯೇ: ಹಿಂದೆ ನಾಮಪದವಿಲ್ಲದ ಗುಣವಾಚಕಕ್ಕೆ ‘ಎ’ ಹತ್ತುವುದಿಲ್ಲ.

ಕನ್ನಡದಲ್ಲಿ ವಿಶೇಷಣ ಎಷ್ಟೇ ಉದ್ದವಾದರೂ ನಾಮಪದದ ಹಿಂದೆಯೇ ಕೂರುತ್ತದೆ: ‘ದಿನಕ್ಕೆ 10 ಟನ್ ಬೇಳೆ ಮಾಡಬಲ್ಲ ಯಂತ್ರ’. ಇಂಗ್ಲಿಷಿನಲ್ಲಿ ಇಂಥ ಉದ್ದ ಪದಪುಂಜ ನಾಮಪದದ ನಂತರ ಬರುತ್ತದೆ. ಈ ವಿಷಯದಲ್ಲಿ ಅದು ಐವಾನ್-ಎ-ಶಾಹಿಯ ಕ್ರಮವನ್ನೇ ಹೋಲುತ್ತದೆ. ‘ಎ ಮಷೀನ್ ಕೇಪಬಲ್ ಆಫ್ ಪ್ರೊಸೆಸಿಂಗ್ 10 ಟನ್ಸ್ ಎ ಡೇ’ ಎಂಬಲ್ಲಿ ‘ಎ’ ಯಂತ್ರಕ್ಕೇ ಅಂಟಿಕೊಂಡಿದೆ. ಹಿಂದೆ ಪದಪುಂಜವಿದೆ ಎಂಬ ಕಾರಣಕ್ಕೆ ‘ದಿ’ ಹಾಕಬೇಕೆಂಬ ಶಾಲಾ ಪಾಠ ಅರ್ಧಸತ್ಯ. ಅಂಥ ಯಂತ್ರ ಇನ್ನೂ ಕೊಳ್ಳಬೇಕಾಗಿದ್ದರೆ ‘ಎ’, ಮಿಲ್ಲಿನಲ್ಲಿ ಆಗಲೇ ನಿಂತಿದ್ದರೆ ‘ದಿ’. ‘ಟೂ’, ‘ಸೋ’, ‘ಆ್ಯಸ್’ ಮುಂತಾದ ಪದಗಳೊಡನೆ ‘ಎ’ಯು ಗುಣವಾಚಕವನ್ನು ದಾಟಿ ಹೋಗುತ್ತದೆ: ‘ಟೂ ಹೈ ಎ ಪ್ರೈಸ್’.

ಎರಡು ಗುಣವಾಚಕಗಳು ಜೊತೆಯಾದಾಗ ಸರಕಿನ ಲೆಕ್ಕವೇ ಬದಲಾಗಬಹುದು. ಶಹಾಬಾದ್ ಕಡೆಯ ಫರಸಿ ಕಲ್ಲಿನ ಬೇಡಿಕೆಯಲ್ಲಿ ‘ಎ ಗ್ರೇ ಅಂಡ್ ಯೆಲ್ಲೋ ಸ್ಲ್ಯಾಬ್’ ಎಂದರೆ ಎರಡು ಬಣ್ಣ ಬೆರೆತ ಒಂದೇ ಕಲ್ಲು. ‘ಎ ಗ್ರೇ ಅಂಡ್ ಎ ಯೆಲ್ಲೋ ಸ್ಲ್ಯಾಬ್’ ಎಂದರೆ ಎರಡು ಕಲ್ಲುಗಳು. ಬಹುವಚನದಲ್ಲಿ ಗೊಂದಲ ಇನ್ನೂ ಹೆಚ್ಚು. ಅಲ್ಲಿ ಪ್ರತಿ ಬಣ್ಣಕ್ಕೂ ಸಂಖ್ಯೆ ಬರೆಯುವುದೇ ಕ್ಷೇಮ.

ಕೊನೆಯದಾಗಿ ‘ಫ್ಯೂ’ ಮತ್ತು ‘ಲಿಟಲ್’. ಇವು ಬ್ಯಾಂಕಿಗೆ ಬರೆಯುವ ಪತ್ರಗಳಲ್ಲಿ ಮೇಲಿಂದ ಮೇಲೆ ಬರುವ ಪದಗಳು. ‘ಫ್ಯೂ ಬಿಲ್ಸ್ ಆರ್ ಓವರ್‌ಡ್ಯೂ’ ಎಂದರೆ ಬಾಕಿ ಬಿದ್ದ ಬಿಲ್ಲುಗಳು ಇಲ್ಲವೆನ್ನುವಷ್ಟು ವಿರಳ. ‘ಎ ಫ್ಯೂ ಬಿಲ್ಸ್ ಆರ್ ಓವರ್‌ಡ್ಯೂ’ ಎಂದರೆ ಕೆಲವು ಬಾಕಿ ಇವೆ ಎಂಬ ಒಪ್ಪಿಗೆ. ‘ಲಿಟಲ್ ಸ್ಟಾಕ್’ ಎಂದು ಬರೆದ ಕಾರ್ಖಾನೆಯಲ್ಲಿ ಸರಕು ಹೆಚ್ಚುಕಡಿಮೆ ಬರಿದು. ‘ಎ ಲಿಟಲ್ ಸ್ಟಾಕ್’ ಎಂದು ಬರೆದಲ್ಲಿ ಸ್ವಲ್ಪವಾದರೂ ಉಳಿದಿದೆ. ದಾಸ್ತಾನಿನ ಆಧಾರದ ಮೇಲೆ ಸಾಲ ಕೊಡುವ ಅಧಿಕಾರಿ ಮೊದಲನೆಯದನ್ನು ಓದಿದರೆ ತಪಾಸಣೆಗೆ ಬರುವುದು ಸಹಜ.