ಮೋಲ್ಡ್‌ಗೆ ನೀರು ಹಾಕಬೇಕಾದವರು ಯಾರು?

ಜಗಳೂರು ತಾಲ್ಲೂಕಿನ ಸೊಕ್ಕೆ ಕಡೆ ಹೋದರೆ ಎರಡು ಬಗೆಯ ಮಾಳಿಗೆಗಳು ಅಕ್ಕಪಕ್ಕದಲ್ಲೇ ಕಾಣುತ್ತವೆ. ತೊಲೆ, ಜಂತೆಗಳ ಮೇಲೆ ಮಣ್ಣು ಹೊದಿಸಿದ ಹಳೆಯ ಮಾಳಿಗೆ ಒಂದು, ಆರ್‌ಸಿಸಿ ಮೋಲ್ಡ್ ಇನ್ನೊಂದು. ಮಣ್ಣಿನ ಮಾಳಿಗೆ ಸೋರಿದರೆ ಮನೆಯವರೇ ಮಳೆಗೆ ಮುಂಚೆ ಹೊಸ ಮಣ್ಣು ಹಾಕಿ ತುಳಿದು ಸರಿಮಾಡಿಕೊಳ್ಳುತ್ತಿದ್ದರು. ದೂರಲು ಎದುರಿಗೆ ಯಾರೂ ಇರುತ್ತಿರಲಿಲ್ಲ. ಮೋಲ್ಡ್‌ನಲ್ಲಿ ಮೇಸ್ತ್ರಿ, ಸೆಂಟ್ರಿಂಗಿನವರು, ಸಿಮೆಂಟ್ ಅಂಗಡಿಯವರು ಎಲ್ಲರ ಕೈಯೂ ಇರುತ್ತದೆ. ಬೇಸಿಗೆಯಲ್ಲಿ ಹಾಕಿದ ಮೋಲ್ಡ್ ಮೊದಲ ದೊಡ್ಡ ಮಳೆಗೆ ಸೋರಿದಾಗ ಮೇಸ್ತ್ರಿ ಹೇಳುವ ಮಾತು ಸಾಮಾನ್ಯವಾಗಿ ಒಂದೇ: ‘ನೀವು ಸರಿಯಾಗಿ ನೀರು ಹಾಕಲಿಲ್ಲ.’

ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಕಾಂಕ್ರೀಟಿನ ಮೇಲ್ಮೈಯನ್ನು ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ ಬಿಡದೆ ಒದ್ದೆಯಾಗಿಡಬೇಕು. ಒಣಹವೆ, ಬಿರುಬಿಸಿಲಿನ ಜಾಗದಲ್ಲಿ ಇದು 10 ದಿನ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಾದರೂ ಕನಿಷ್ಠ 10 ದಿನ, ಅದನ್ನು 14 ದಿನಕ್ಕೆ ಹೆಚ್ಚಿಸಬೇಕೆಂಬುದು ಮಾನಕದ ಶಿಫಾರಸು. ನಮ್ಮ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಪಿಪಿಸಿಯೇ, ಜಗಳೂರಿನ ಬಿಸಿಲನ್ನಂತೂ ಹೇಳಬೇಕಿಲ್ಲ. ಆದ್ದರಿಂದ ಇಲ್ಲಿ 14 ದಿನವೇ ಲೆಕ್ಕ. ಪಾತಿ ಕಟ್ಟಿ ನೀರು ನಿಲ್ಲಿಸುವ ಕೆಲಸ ರೂಢಿಯಲ್ಲಿ ಮನೆಯವರದು. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಬೇಸಿಗೆಯಲ್ಲಿ ನಾಲ್ಕನೇ ದಿನಕ್ಕೇ ಪಾತಿ ಒಣಗಿರುತ್ತದೆ. ಹಾಗಾಗಿ ನೀರು ಯಾರು ಹಾಕಬೇಕು, ಎಷ್ಟು ದಿನ ಹಾಕಬೇಕು, ಟ್ಯಾಂಕರಿನ ಹಣ ಯಾರದು ಎಂಬುದು ಕಾಗದದ ಮೇಲೆ ಬರಲಿ. ದಿನಕ್ಕೊಂದು ಫೋಟೊ ತೆಗೆದು ಮೇಸ್ತ್ರಿಯ ವಾಟ್ಸಾಪ್‌ಗೆ ಕಳಿಸಿ. ನಾಳೆ ಗ್ರಾಹಕ ಆಯೋಗದ ಮುಂದೆ ನಿಮ್ಮ ಪರ ಮಾತಾಡುವುದು ಆ ಫೋಟೊಗಳೇ.

ಕೆಲಸವನ್ನು ಯಾವ ರೀತಿಯಲ್ಲಿ ಕೊಟ್ಟಿರಿ ಎಂಬುದು ಇಷ್ಟೇ ಮುಖ್ಯ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ‘ಸೇವೆ’ ಎಂಬುದರ ವ್ಯಾಖ್ಯೆಯೊಳಗೆ ಮನೆ ನಿರ್ಮಾಣವೂ ಸೇರಿದೆ. ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಇದನ್ನು ಒಪ್ಪಿತ್ತು. ಆದರೆ ‘ವೈಯಕ್ತಿಕ ಸೇವೆಯ ಕರಾರು’, ಅಂದರೆ ಯಜಮಾನ-ಆಳಿನ ನಂಟು, ಈ ಕಾಯ್ದೆಯಿಂದ ಹೊರಗಿದೆ. ಚದರಕ್ಕೆ ಇಷ್ಟೆಂದು ಮೇಸ್ತ್ರಿಗೆ ಗುತ್ತಿಗೆ ಕೊಟ್ಟಿದ್ದರೆ, ಸಾಮಾನು ನೀವೇ ತಂದುಕೊಟ್ಟಿದ್ದರೂ ನೀವು ಗ್ರಾಹಕರು. ಅದನ್ನು ಬಿಟ್ಟು ದಿನಗೂಲಿ ಕೊಟ್ಟು, ನೀವೇ ಮುಂದೆ ನಿಂತು ಹೀಗೆ ಮಾಡಿ ಹಾಗೆ ಮಾಡಿ ಎಂದು ಮಾಡಿಸಿಕೊಂಡಿದ್ದರೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿಕೊಳ್ಳುವ ಸಂಭವವೇ ಹೆಚ್ಚು; ಆಗ ಸಿವಿಲ್ ನ್ಯಾಯಾಲಯವೇ ಗತಿ. ಕೂಲಿ ಲೆಕ್ಕದಲ್ಲಿ ನಾಲ್ಕು ಕಾಸು ಉಳಿಯಬಹುದು. ಆದರೂ ಮೋಲ್ಡ್‌ನಂಥ ಕೆಲಸಕ್ಕೆ ಗುತ್ತಿಗೆಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ಬಾಯಿಮಾತಿನ ಒಪ್ಪಂದಕ್ಕೂ ಕಾನೂನಿನಲ್ಲಿ ಬೆಲೆಯಿದೆ, ಆದರೆ ಸಾಬೀತು ಮಾಡುವುದು ಕಷ್ಟ. ಇ-ಸ್ಟ್ಯಾಂಪ್ ಕಾಗದದಲ್ಲಿ ಒಂದು ಪುಟದ ಕರಾರು ಸಾಕು. ಮೋಲ್ಡ್ ಎಷ್ಟು ಇಂಚು ದಪ್ಪ, ಕಂಬಿ ಯಾವ ಅಳತೆ, ನೀರು ಯಾವ ಕಡೆಗೆ ಹರಿಯಬೇಕು, ಸೆಂಟ್ರಿಂಗ್ ಯಾವಾಗ ಬಿಚ್ಚಬೇಕು, ಸೋರಿದರೆ ಎಷ್ಟು ವರ್ಷ ಯಾರ ಖರ್ಚಿನಲ್ಲಿ ರಿಪೇರಿ ಎಂಬುದು ಅದರಲ್ಲಿರಲಿ. ಹಣವನ್ನು ಫೋನ್‌ಪೇನಲ್ಲೋ ಬ್ಯಾಂಕಿನಲ್ಲೋ ಕಂತುಗಳಲ್ಲಿ ಕೊಡಿ, ಕೊನೆಯ ಕಂತನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡುವ ಮಾತನ್ನೂ ಬರೆಸಿ. ಮೇಸ್ತ್ರಿ ಗೊಣಗಬಹುದು, ಆದರೆ ಕೆಲಸದ ಮೇಲೆ ನಂಬಿಕೆಯಿರುವವನು ಒಪ್ಪುತ್ತಾನೆ. ಸಿಮೆಂಟಿಗೂ ವಾಟರ್ ಪ್ರೂಫಿಂಗ್ ರಾಸಾಯನಿಕಕ್ಕೂ ಬಿಲ್ ಕೇಳಿ ಪಡೆಯಿರಿ. ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ, ಅದರ ಫೋಟೊ ತೆಗೆದಿಡಿ. ಡಬ್ಬಿಯ ಮೇಲೆ ‘ಹತ್ತು ವರ್ಷ ಗ್ಯಾರಂಟಿ’ ಎಂದಿದ್ದರಷ್ಟೇ ಸಾಲದು. ಅಂಗಡಿಯ ಮೊಹರು, ತಾರೀಖು ಇರುವ ವಾರಂಟಿ ಕಾರ್ಡ್ ಕೈಗೆ ಬರಬೇಕು. ಮಾಲೇ ಕೆಟ್ಟದ್ದಾಗಿದ್ದರೆ ತಯಾರಕರನ್ನೂ ಮಾರಿದವರನ್ನೂ ಎದುರುಪಕ್ಷ ಮಾಡಬಹುದು.

ಸೋರಿದರೆ ಮೊದಲು ಲಿಖಿತ ನೋಟಿಸನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, 15 ದಿನವೋ ತಿಂಗಳೋ ಗಡುವು ಕೊಡಿ. ತೇವದ ಕಲೆ, ಬಿರುಕುಗಳ ಫೋಟೊ ತೆಗೆಯಿರಿ. ಸಿವಿಲ್ ಎಂಜಿನಿಯರ್ ಒಬ್ಬರಿಂದ ಕಾರಣ ಮತ್ತು ರಿಪೇರಿ ವೆಚ್ಚದ ವರದಿ ಬರೆಸಿಕೊಳ್ಳಿ. ಅದಕ್ಕೂ ಮೊದಲು ಅವಸರದಲ್ಲಿ ಮೇಲೆ ಗಾರೆ ಎಳೆಸಿಬಿಟ್ಟರೆ ಸಾಕ್ಷಿಯೇ ಅಳಿಸಿಹೋಗುತ್ತದೆ. ಉತ್ತರ ಬಾರದಿದ್ದರೆ ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಮೇಸ್ತ್ರಿ ಬೇರೆ ಜಿಲ್ಲೆಯವನಾದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. ವಕೀಲರು ಬೇಕೇ ಬೇಕೆಂದಿಲ್ಲ, ಇ-ಜಾಗೃತಿ ಜಾಲತಾಣದಲ್ಲೂ ದಾಖಲಿಸಬಹುದು. ಎದುರುಪಕ್ಷ 30 ದಿನದಲ್ಲಿ, ಹೆಚ್ಚೆಂದರೆ ಇನ್ನೂ 15 ದಿನದಲ್ಲಿ ಉತ್ತರ ಕೊಡಬೇಕು. ಅದರಾಚೆ ಒಂದು ದಿನವೂ ಕೊಡುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ನಿಮ್ಮ ಕಡೆಯ ಗಡುವು 2 ವರ್ಷ. ‘ಈ ಸುಗ್ಗಿ ಮುಗೀಲಿ, ಬಂದು ಮಾಡ್ಕೊಡ್ತೀನಿ’ ಎಂಬ ಮಾತು ನಂಬಿ ಕುಳಿತರೆ ಆ ಗಡುವು ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಕಾನೂನಿನ ಸಲಹೆ ಬೇಕಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರಿಗೆ ವರಮಾನ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ.

ಮನೆಯ ಮೇಲೆ ಇನ್ನೊಂದು ಅಂತಸ್ತು ಎತ್ತುವುದಾದರೆ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣ ಹೊಸ ಮನೆಗಷ್ಟೇ ಅಲ್ಲ, ಹಳೆಯದಕ್ಕೆ ಸೇರಿಸುವುದಕ್ಕೂ ಅನ್ವಯಿಸುತ್ತದೆ. ತಲೆಯ ಮೇಲೆ ಕರೆಂಟ್ ತಂತಿ ಹಾದಿದ್ದರೆ ಮೊದಲು ಬೆಸ್ಕಾಂಗೆ ಅರ್ಜಿ ಕೊಡಿ. ಮನೆಗಳಿಗೆ ಬರುವ ಸಾಮಾನ್ಯ ಮಾರ್ಗವಾದರೆ ಮಾಳಿಗೆಯಿಂದ ಮೇಲಕ್ಕೆ 2.5 ಮೀಟರ್, ಪಕ್ಕಕ್ಕೆ 1.2 ಮೀಟರ್ ಅಂತರ ಇರಬೇಕು. 11 ಕೆವಿ ಮಾರ್ಗವಾದರೆ ಮೇಲಕ್ಕೆ 3.7 ಮೀಟರ್.

ಇನ್ನು ನೆರೆಯವರ ಜಗಳ. ನಿಮ್ಮ ಮಾಳಿಗೆಯ ಪೈಪಿನ ನೀರನ್ನು ಪಕ್ಕದವರ ಹಿತ್ತಿಲಿಗೆ ಬೀಳಿಸುವ ಹಕ್ಕು ತಾನಾಗಿ ಬರುವುದಿಲ್ಲ. 20 ವರ್ಷ ಎಲ್ಲರಿಗೂ ಕಾಣುವಂತೆ, ತಡೆಯಿಲ್ಲದೆ, ಹಕ್ಕೆಂಬಂತೆ ಹರಿಸಿಕೊಂಡು ಬಂದಿದ್ದರೆ ಮಾತ್ರ ಅದನ್ನು ಕೇಳಬಹುದು. ಹಳೆಯ ಮಾಳಿಗೆ ಕೆಡವಿ ಹೊಸ ಮೋಲ್ಡ್‌ನ ನೀರನ್ನು ಬೇರೆ ಕಡೆಗೆ ತಿರುಗಿಸಿದಾಗ ತಕರಾರು ಹುಟ್ಟುವುದು ಇಲ್ಲಿಯೇ.

ಮಳೆಗೆ ಕುಸಿಯುವ ಮಣ್ಣಿನ ಮಾಳಿಗೆಯ ವಿಷಯ ಬೇರೆ. ಅಲ್ಲಿ ಕೇಳಬೇಕಾದ್ದು ಸರ್ಕಾರವನ್ನು. 2022ರಿಂದ 2026ರವರೆಗಿನ ಕೇಂದ್ರದ ವಿಪತ್ತು ಪರಿಹಾರದ ಮಾನದಂಡದಲ್ಲಿ ಬಯಲು ಪ್ರದೇಶದ ಮನೆ ಪೂರ್ತಿ ಬಿದ್ದರೆ 1,20,000 ರೂಪಾಯಿ. ಕನಿಷ್ಠ ಶೇ 15ರಷ್ಟು ಹಾನಿಯಾಗಿದ್ದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ. ರಾಜ್ಯ ಇದಕ್ಕೆ ಸೇರಿಸಿ ಕೊಡಬಹುದು. ಬಿದ್ದ ಮಣ್ಣು ಎತ್ತಿಹಾಕುವ ಮುಂಚೆ ಫೋಟೊ ತೆಗೆದು, ಅಂದೇ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ, ಅರ್ಜಿಗೆ ಸ್ವೀಕೃತಿ ಪಡೆಯಿರಿ. ಮನೆ ಅಧಿಕೃತ ಎಂಬ ದೃಢೀಕರಣವನ್ನೂ ಆ ಮಾನದಂಡ ಕೇಳುತ್ತದೆ. ಅಜ್ಜನ ಹೆಸರಲ್ಲೇ ಉಳಿದ ಖಾತೆ, ಇ-ಸ್ವತ್ತು ಆಗದ ಮನೆ ಪರದಾಡುವುದು ಆಗಲೇ. ಆ ಕಾಗದಗಳನ್ನು ಬಿಸಿಲು ಇರುವಾಗಲೇ ಪಂಚಾಯಿತಿಯಲ್ಲಿ ಸರಿಮಾಡಿಸಿಕೊಳ್ಳಿ.