ಮಂಡಿ ಆಪರೇಷನ್ ಆದಮೇಲೆ ಇಳಿದಿದ್ದ ಸಿಆರ್‌ಪಿ ಮತ್ತೆ ಏರಿದರೆ

ಪ್ರಶ್ನೆ: ಅಮ್ಮನಿಗೆ 67 ವರ್ಷ. ನಾಲ್ಕು ವಾರದ ಹಿಂದೆ ಬಲ ಮಂಡಿಯ ಕೀಲು ಬದಲಾಯಿಸಿದ್ದಾರೆ. ಮೂರನೇ ದಿನ ಸಿಆರ್‌ಪಿ 152 ಇತ್ತು. ಡಾಕ್ಟರು ಗಾಬರಿ ಬೇಡ ಎಂದರು. ಹೊಲಿಗೆ ಬಿಚ್ಚುವ ಹೊತ್ತಿಗೆ 24ಕ್ಕೆ ಇಳಿದಿತ್ತು. ಈಗ 68 ಬಂದಿದೆ, ಇಎಸ್‌ಆರ್ 74. ಜ್ವರವಿಲ್ಲ, ಆದರೆ ಮಂಡಿ ಬಿಸಿಯಾಗಿದೆ, ಗಾಯದ ಕೆಳತುದಿಯಲ್ಲಿ ಬ್ಯಾಂಡೇಜು ಒದ್ದೆಯಾಗುತ್ತಿದೆ. 152 ಇದ್ದಾಗ ಸುಮ್ಮನಿದ್ದವರು 68ಕ್ಕೆ ಹೆದರಬೇಕೇ? ಮೆಡಿಕಲ್ ಸ್ಟೋರಿನವರು ಐದು ದಿನದ ಆ್ಯಂಟಿಬಯಾಟಿಕ್ ಕೊಟ್ಟಿದ್ದಾರೆ. ಶುರು ಮಾಡಬಹುದೇ?
— ಓದುಗರೊಬ್ಬರು, ಹಾಸನ

ಉತ್ತರ: ಮಾತ್ರೆ ಶುರು ಮಾಡಬೇಡಿ. ಆಪರೇಷನ್ ಮಾಡಿದ ಸರ್ಜನ್ ಬಳಿಗೆ ಇವತ್ತೇ ಕರೆದೊಯ್ಯಿರಿ, ತಪ್ಪಿದರೆ ನಾಳೆ ಬೆಳಿಗ್ಗೆ.

ಸಿಆರ್‌ಪಿ ಎನ್ನುವುದು ಯಕೃತ್ತು ತಯಾರಿಸುವ ಒಂದು ಪ್ರೋಟೀನು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲ್ಲೆಟ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ಅದನ್ನು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡರು. ಆದರೆ ಅದು ಏರಲು ರೋಗಾಣುವೇ ಬೇಕೆಂದಿಲ್ಲ. ಮೂಳೆ ಕೊಯ್ದು ಲೋಹದ ಕೀಲು ಕೂರಿಸುವುದು ದೇಹಕ್ಕೆ ದೊಡ್ಡ ಪೆಟ್ಟು. ಆ ಪೆಟ್ಟಿಗೇ ಎರಡು ಮೂರು ದಿನದಲ್ಲಿ ಸಿಆರ್‌ಪಿ ನೂರು ದಾಟುತ್ತದೆ. ಹಾಗಾಗಿ 152 ಕಂಡು ಡಾಕ್ಟರು ಗಾಬರಿಯಾಗದಿದ್ದುದು ಸರಿಯೇ. ರಕ್ತದಲ್ಲಿ ಅದು ಸುಮಾರು 19 ಗಂಟೆಗಳಲ್ಲಿ ಅರ್ಧವಾಗುತ್ತದೆ. ಉರಿಯೂತ ತಗ್ಗಿದಂತೆ ಅಂಕಿಯೂ ಇಳಿಯುತ್ತಾ ಹೋಗಿ, ಬಹುತೇಕರಲ್ಲಿ ಕೆಲವೇ ವಾರಗಳಲ್ಲಿ ಮಾಮೂಲಿಗೆ ಬರುತ್ತದೆ.

ಇಲ್ಲಿ ಯೋಚಿಸಬೇಕಾದದ್ದು 24ರಿಂದ 68ಕ್ಕೆ ಏರಿದ ಬಗ್ಗೆ. ಇಳಿಯುತ್ತಿದ್ದುದು ತಿರುಗಿ ಏರಿದರೆ ದೇಹದಲ್ಲಿ ಹೊಸದೇನೋ ನಡೆದಿದೆ. ಅದು ಮೂತ್ರದ ಸೋಂಕೂ ಇರಬಹುದು, ಸಂಧಿವಾತವೂ ಇರಬಹುದು. ಸಿಆರ್‌ಪಿ ಜಾಗ ತೋರಿಸುವುದಿಲ್ಲ. ಬಿಸಿ ಮಂಡಿ ಮತ್ತು ಒದ್ದೆ ಬ್ಯಾಂಡೇಜು ಜೊತೆಗಿರುವಾಗ ಮೊದಲ ಅನುಮಾನ ಮಂಡಿಯ ಮೇಲೆಯೇ ಹೋಗಬೇಕು. 2013ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ್ದ ಕೀಲು ಸೋಂಕಿನ ತಜ್ಞರು ಆಪರೇಷನ್ ಆದ ಮೊದಲ 90 ದಿನಗಳಿಗೆ ಸಿಆರ್‌ಪಿ ಗಡಿಯನ್ನು ಲೀಟರಿಗೆ 100 ಮಿಲಿಗ್ರಾಂ ಎಂದೂ, ಆಮೇಲೆ 10 ಎಂದೂ ಗೊತ್ತುಮಾಡಿದ್ದರು. 68 ಆ ನೂರರೊಳಗೇ ಇದೆಯಲ್ಲ ಎಂದು ಕೂರಬಾರದು, ಸೋರುವ ಗಾಯಕ್ಕೆ ಯಾವ ಗಡಿಯೂ ಇಲ್ಲ.

ಉರಿಯೂತ ತೋರಿಸುವ ಇನ್ನೊಂದು ರಕ್ತ ಪರೀಕ್ಷೆಯಾದ ಇಎಸ್‌ಆರ್ ಬಗ್ಗೆ ಸದ್ಯ ತಲೆಕೆಡಿಸಿಕೊಳ್ಳಬೇಡಿ. ಅದು ಏರುವುದೂ ನಿಧಾನ, ಇಳಿಯುವುದೂ ನಿಧಾನ. ಸೋಂಕಿಲ್ಲದವರಲ್ಲೂ ತಿಂಗಳುಗಟ್ಟಲೆ ಹೆಚ್ಚಿರುತ್ತದೆ. ಆದರೆ ಮೂರೂ ರಿಪೋರ್ಟುಗಳಲ್ಲಿ ಸಿಆರ್‌ಪಿ ಅಂಕಿಯ ಪಕ್ಕದಲ್ಲಿರುವ ಅಳತೆಯನ್ನು ಒಮ್ಮೆ ನೋಡಿ. ಕೆಲವು ಲ್ಯಾಬುಗಳು ಲೀಟರ್ ಲೆಕ್ಕದಲ್ಲಿ, ಕೆಲವು ಡೆಸಿಲೀಟರ್ ಲೆಕ್ಕದಲ್ಲಿ ಬರೆಯುತ್ತವೆ. ಡೆಸಿಲೀಟರ್ ಲೆಕ್ಕದ 6.8 ಎಂದರೆ ಲೀಟರ್ ಲೆಕ್ಕದ 68. ಬೇರೆ ಬೇರೆ ಕಡೆ ರಕ್ತ ಕೊಟ್ಟವರು ಇದರಿಂದ ಸುಳ್ಳು ಸಮಾಧಾನಪಟ್ಟುಕೊಳ್ಳುವುದುಂಟು.

ಇನ್ನು ಆ ಮಾತ್ರೆಯ ವಿಷಯ. ಲೋಹ, ಪ್ಲಾಸ್ಟಿಕ್ಕಿನ ಮೇಲೆ ಕೂತ ಬ್ಯಾಕ್ಟೀರಿಯಾ ಕೆಲವೇ ದಿನಗಳಲ್ಲಿ ಕಲ್ಲಿಗೆ ಹತ್ತಿದ ಪಾಚಿಯ ಹಾಗೆ ಲೋಳೆ ಪದರ ಕಟ್ಟಿಕೊಳ್ಳುತ್ತದೆ. ಮಾತ್ರೆ ಅದರೊಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ಐದು ದಿನ ನುಂಗಿದರೆ ಸೋರುವುದು ನಿಲ್ಲಬಹುದು, ಸಿಆರ್‌ಪಿಯೂ ತಗ್ಗಬಹುದು, ಒಳಗಿನ ಸೋಂಕು ಮಾತ್ರ ಉಳಿದಿರುತ್ತದೆ. ಮೇಲಾಗಿ, ಆಮೇಲೆ ಕೀಲಿನ ನೀರು ತೆಗೆದು ಕಲ್ಚರ್ ಮಾಡಿದರೆ ಏನೂ ಬೆಳೆಯದೆ, ಯಾವ ರೋಗಾಣು ಎನ್ನುವುದೇ ತಿಳಿಯದೆ ಹೋಗಬಹುದು. ಬೇಗ ಗೊತ್ತಾದರೆ ಕೀಲನ್ನು ತೆರೆದು ತೊಳೆದು, ನಡುವಿನ ಪ್ಲಾಸ್ಟಿಕ್ ತುಂಡನ್ನು ಬದಲಿಸಿ, ಲೋಹದ ಭಾಗ ಉಳಿಸಿಕೊಳ್ಳುವ ಅವಕಾಶವಿದೆ. ತಡವಾದರೆ ಇಡೀ ಕೀಲನ್ನೇ ತೆಗೆಯಬೇಕಾಗುತ್ತದೆ, ಎಷ್ಟೋ ಸಲ ಎರಡು ಆಪರೇಷನ್ನುಗಳಲ್ಲಿ. ಅರವತ್ತೇಳರ ವಯಸ್ಸಿನ ತಾಯಿಗೆ ಆ ಕಷ್ಟ ತಪ್ಪಬೇಕು.

ಒಂದು ವಿನಾಯಿತಿ ಇದೆ: ಚಳಿಜ್ವರ, ಉಸಿರಾಟದ ತೊಂದರೆ, ಮಂಕು ಕವಿದಂತಾಗುವುದು ಕಂಡರೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಅಲ್ಲಿ ಆ್ಯಂಟಿಬಯಾಟಿಕ್ ತಡಮಾಡುವಂತಿಲ್ಲ.

ಪ್ರಶ್ನೆ: ಭುಜದ ಕೀಲು ಬದಲಾಯಿಸಿ ಒಂದು ವರ್ಷವಾಯಿತು. ನೋವು ಹೋಗಿಲ್ಲ. ಸಿಆರ್‌ಪಿ ನಾರ್ಮಲ್ ಇದೆ. ಸೋಂಕಿಲ್ಲ ಎಂದು ನಂಬಬಹುದೇ?
— ಓದುಗರೊಬ್ಬರು, ಶಿರಸಿ

ಉತ್ತರ: ಅಷ್ಟರಿಂದಲೇ ನಂಬುವಂತಿಲ್ಲ. ಭುಜದ ಚರ್ಮದಲ್ಲಿ ವಾಸಿಸುವ ಕ್ಯುಟಿಬ್ಯಾಕ್ಟೀರಿಯಂ ಆ್ಯಕ್ನೆಸ್ ಎಂಬ ಬ್ಯಾಕ್ಟೀರಿಯಾ ಸದ್ದಿಲ್ಲದೆ ಒಳಗೆ ಕೂರುತ್ತದೆ. ಜ್ವರವಿಲ್ಲ, ಕೀವಿಲ್ಲ, ರಕ್ತ ಪರೀಕ್ಷೆಯೂ ಸರಿಯಾಗಿಯೇ ಬರುತ್ತದೆ. ನೋವು ಮತ್ತು ಬಿಗಿತ ಮಾತ್ರ ಇರುತ್ತದೆ. ಕೀಲು ಸಡಿಲವಾದರೂ ಹೀಗೇ ನೋಯುವುದರಿಂದ ಎಕ್ಸ್‌ರೇ ಬೇಕು. ಸರ್ಜನ್ನರಿಗೆ ಅನುಮಾನ ಬಂದರೆ ಕೀಲಿನ ನೀರನ್ನೋ ಒಳಗಿನ ಅಂಗಾಂಶದ ಚೂರನ್ನೋ ಕಲ್ಚರ್‌ಗೆ ಕಳಿಸುತ್ತಾರೆ. ಈ ಬ್ಯಾಕ್ಟೀರಿಯಾ ಬಹಳ ನಿಧಾನವಾಗಿ ಬೆಳೆಯುತ್ತದೆ. ಮೂರನೇ ದಿನ ಏನೂ ಬೆಳೆದಿಲ್ಲವೆಂದು ಲ್ಯಾಬ್ ಹೇಳಿದರೂ, ಮಾದರಿಯನ್ನು 14 ದಿನ ಇಟ್ಟು ನೋಡಿ ಎಂದು ಮೊದಲೇ ಬರೆಸಿಕೊಳ್ಳಿ.