ಕುಡಿತದ ಆಸ್ಪತ್ರೆ ಖರ್ಚು: ಲೆಕ್ಕ ಹಾಕೋಣ ಬನ್ನಿ



ಚನ್ನಗಿರಿಯಾಗಲಿ, ಹೊನ್ನಾಳಿ, ನ್ಯಾಮತಿ, ಜಗಳೂರಾಗಲಿ, ಸಂಘದಲ್ಲಿ ಸಾಲ ಕೊಡುವಾಗ ಉದ್ದೇಶದ ಜಾಗದಲ್ಲಿ ‘ಆಸ್ಪತ್ರೆ ಖರ್ಚು’ ಎಂದು ಬರೆಯುತ್ತೇವೆ. ಯಾವ ಕಾಯಿಲೆ ಅಂತ ಕೇಳಿದರೆ ‘ಹೊಟ್ಟೆನೋವು’, ‘ಬೈಕಿನಿಂದ ಬಿದ್ದರು’ ಎನ್ನುವ ಉತ್ತರ. ಹಿಂದೆ ಕುಡಿತ ಇದ್ದರೆ ಹೇಳೋಕೆ ನಾಚಿಕೆ.

ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಚಿಕಿತ್ಸೆಗೆ ಬಂದ ಕುಡಿತದ ರೋಗಿಗಳ ಬಗ್ಗೆ 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆ ರೋಗಿಗಳ ಸರಾಸರಿ ತಿಂಗಳ ದುಡಿಮೆ 1,661 ರೂಪಾಯಿ. ಕುಡಿತಕ್ಕೆ ಹೋಗುತ್ತಿದ್ದದ್ದು 1,938 ರೂಪಾಯಿ! ಮಿಕ್ಕ ಹಣ ಎಲ್ಲಿಂದ ಬಂತು? ಸಾಲದಿಂದ, ಮನೆಯವರ ದುಡಿಮೆಯಿಂದ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಈಗ ದಿನಕ್ಕೆ 80 ರೂಪಾಯಿ ಅಂತ ಹಿಡಿದರೂ ವರ್ಷಕ್ಕೆ 29,200 ಆಯಿತು. ಇದಿನ್ನೂ ಆಸ್ಪತ್ರೆ ಬಾಗಿಲು ಹತ್ತುವ ಮೊದಲಿನ ಲೆಕ್ಕ.

ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚೇನು ಬರುತ್ತೆ ಅನ್ನಬೇಡಿ. ಜಗಳೂರಿನಿಂದ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ, ನ್ಯಾಮತಿಯಿಂದ ಶಿವಮೊಗ್ಗದ ಮೆಗ್ಗಾನ್‌ಗೆ ಓಡಾಟ, ಜೊತೆಗಿರುವವರ ಊಟ, ಹೊರಗೆ ಬರೆದುಕೊಟ್ಟ ಔಷಧ ಇವೆಲ್ಲ ಇದ್ದೇ ಇವೆ. ಮಲಗಿದವರ ಕೂಲಿಯ ಜೊತೆಗೆ ನೋಡಿಕೊಳ್ಳುವವರ ಕೂಲಿಯೂ ಹೋಯಿತು. ಇದನ್ನು ಆಯುಷ್ಮಾನ್ ಕಾರ್ಡು ಕೊಡುವುದಿಲ್ಲ. ಇದಕ್ಕೇ 10,000 ಸಾಲ ತಂದರೆ ನೂರಕ್ಕೆ ಎರಡರಂತೆ ತಿಂಗಳಿಗೆ 200 ಬಡ್ಡಿ.

ಇಷ್ಟಾದರೂ ಅದೇ ಬಿಲ್ಲು ಮತ್ತೆ ಮತ್ತೆ ಬರುತ್ತದೆ. ಯಾಕೆ? ಹೊಟ್ಟೆನೋವಿಗೆ, ಕಾಮಾಲೆಗೆ, ರಕ್ತವಾಂತಿಗೆ ಔಷಧ ಆಗುತ್ತದೆ, ಚಟಕ್ಕೆ ಆಗುವುದಿಲ್ಲ. ನಾವು ವೈದ್ಯರ ಮುಂದೆ ಮುಚ್ಚಿಟ್ಟರೆ ಅವರಿಗೆ ಗೊತ್ತಾಗೋದು ಹೇಗೆ? ದಾಖಲಾದ ದಿನವೇ ಎಷ್ಟು ಕುಡಿಯುತ್ತಾರೆ, ಕೊನೆಯದಾಗಿ ಯಾವಾಗ ಕುಡಿದರು ಎಂದು ಹೇಳಿಬಿಡಿ. ಗಾಂಜಾ ಸೇದುವ ಹುಡುಗನ ಮನಸ್ಸು ಕೆಟ್ಟು ತಾನೇ ಮಾತಾಡಿಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ವೈದ್ಯರು ಪೊಲೀಸರಲ್ಲ.

ಇನ್ನೊಂದು ಮುಖ್ಯ ವಿಷಯ. ದಿನವೂ ಜಾಸ್ತಿ ಕುಡಿಯುವವರು ಆಣೆ ಮಾಡಿ ಒಮ್ಮೆಲೇ ಬಿಟ್ಟರೆ ಕೈ ನಡುಗುತ್ತದೆ. ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಇಲ್ಲದ್ದು ಕಾಣಿಸಿ ಕೂಗಾಡಬಹುದು. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಹೋಗಬೇಡಿ. ಇದರಿಂದ ಪ್ರಾಣವೇ ಹೋಗಬಹುದು, ತಕ್ಷಣ 108ಕ್ಕೆ ಫೋನ್ ಮಾಡಿ. ಬಿಡಿಸುವುದನ್ನು ವೈದ್ಯರ ಕೈಯಲ್ಲೇ ಶುರು ಮಾಡಿದರೆ ನಡುಕ ತಡೆಯುವ ಮಾತ್ರೆ, ಬಿ1 ವಿಟಮಿನ್ ಕೊಡುತ್ತಾರೆ. ‘ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ’ ಎಂದು ಮಾರುವ ಪುಡಿಗೆ ದುಡ್ಡು ಹಾಕಬೇಡಿ. ಅದರಲ್ಲಿ ಏನಿದೆಯೋ, ಕುಡಿದ ಮೈಗೆ ಅದು ಏನು ಮಾಡುತ್ತದೋ ಹೇಳಲಾಗದು.

ಮುಂದಿನ ಸಭೆಗೆ ಬರುವಾಗ ಹೋದ ವರ್ಷದ ಆಸ್ಪತ್ರೆ ಚೀಟಿಗಳನ್ನು ತನ್ನಿ. ಹೆಸರು ಹೇಳುವುದು ಬೇಡ, ಮೊತ್ತ ಮಾತ್ರ ಕೂಡಿಸೋಣ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ಸಂಘದ ಪುಸ್ತಕದಲ್ಲಿ ಬರೆದಿಡಿ. ಫೋನಿನಲ್ಲಿ ಸಲಹೆ ಬೇಕಾದರೆ ಟೆಲಿ ಮಾನಸ್ 14416, ಕುಡಿತ ಮತ್ತು ಮಾದಕ ವಸ್ತುಗಳ ಸಹಾಯವಾಣಿ 14446. ಎರಡೂ ಉಚಿತ.